ಫ್ರಿಜ್ ಬಾಗಿಲ ಮೇಲಿನ ಗ್ರಾಫ್ ಹಾಳೆ

ನಮ್ಮ ಲ್ಯಾಬಿನ ಫ್ರಿಜ್ ಬಾಗಿಲಿಗೆ ಎರಡು ಗ್ರಾಫ್ ಹಾಳೆ ಅಂಟಿಸಿದ್ದೇವೆ. ಹೈಸ್ಕೂಲು ಮಕ್ಕಳು ಗಣಿತಕ್ಕೆ ಬಳಸುವ ಹಾಳೆಯೇ, ಬಸ್ ಸ್ಟ್ಯಾಂಡ್ ಹತ್ತಿರದ ಬುಕ್ ಸ್ಟಾಲ್‌ನಿಂದ ತಂದದ್ದು. ಬೆಳಿಗ್ಗೆ ಮೊದಲ ರೋಗಿಯ ಸ್ಯಾಂಪಲ್ ಮೆಷಿನ್‌ಗೆ ಹೋಗುವ ಮುಂಚೆ ಎರಡರ ಮೇಲೂ ಒಂದೊಂದು ಚುಕ್ಕಿ ಬೀಳಬೇಕು. ಚುಕ್ಕಿ ಎಲ್ಲಿ ಬಿತ್ತು ಅನ್ನುವುದರ ಮೇಲೆ ಅವತ್ತು ಶುಗರ್ ರಿಪೋರ್ಟ್ ಹೊರಗೆ ಹೋಗಬೇಕೋ ಬೇಡವೋ ತೀರ್ಮಾನವಾಗುತ್ತದೆ. ಇದನ್ನು ಶುರು ಮಾಡಿದ ಆ ಒಂದು ವರ್ಷದ ಅನುಭವವನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಮ್ಮಂಥ ಸಣ್ಣ ಲ್ಯಾಬುಗಳಲ್ಲಿ ಇರುವವರಿಗೆ ಉಪಯೋಗವಾದೀತು. ರಿಪೋರ್ಟ್ ಹಿಡಿದು ಡಾಕ್ಟರ ಬಾಗಿಲಲ್ಲಿ ಕೂರುವವರಿಗೂ ಆ ಅಂಕಿಯ ಹಿಂದೆ ಏನೇನಿದೆ ಎಂದು ಗೊತ್ತಾದೀತು.

ನಾನು ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ಕೆಲಸಕ್ಕೆ ಸೇರಿದ್ದು ಚಿತ್ರದುರ್ಗದ ಕಡೆಯ ಒಂದು ತಾಲ್ಲೂಕು ಊರಿನ ನರ್ಸಿಂಗ್ ಹೋಮಿಗೆ. ಲ್ಯಾಬಿನಲ್ಲಿ ಮೂರೇ ಜನ. ಬಯೋಕೆಮಿಸ್ಟ್ರಿಗೆ ಒಂದು ಸೆಮಿ ಆಟೋ ಮೆಷಿನ್. ಪಿಪೆಟ್ (ದ್ರವ ಅಳೆದು ಹಾಕುವ ಕೊಳವೆ) ಹಿಡಿದು ರೀಏಜೆಂಟ್, ಅಂದರೆ ಬಣ್ಣ ಬರಿಸುವ ರಾಸಾಯನಿಕ, ಹಾಕುವುದು, ಸ್ಯಾಂಪಲ್ ಹಾಕುವುದು, 37 ಡಿಗ್ರಿಯಲ್ಲಿ ಇಡುವುದು ಎಲ್ಲ ನಮ್ಮ ಕೈಯಲ್ಲೇ. ಬಣ್ಣ ಓದುವುದಷ್ಟೇ ಮೆಷಿನ್ ಕೆಲಸ. ದಿನಕ್ಕೆ ಅರವತ್ತು ಎಪ್ಪತ್ತು ಸ್ಯಾಂಪಲ್ ಬರುತ್ತವೆ, ಅರ್ಧಕ್ಕಿಂತ ಹೆಚ್ಚು ಶುಗರ್.

ಕ್ವಾಲಿಟಿ ಕಂಟ್ರೋಲ್, ಅಂದರೆ ನಮ್ಮ ಅಂಕಿ ಸರಿ ಬರುತ್ತಿದೆಯೇ ಎಂದು ದಿನವೂ ಪರೀಕ್ಷಿಸುವುದು, ಆಗಲೂ ಮಾಡುತ್ತಿದ್ದೆವು. ಕಂಟ್ರೋಲ್ ಸೀರಂ ಅಂದರೆ ಪುಡಿಯ ರೂಪದಲ್ಲಿ ಬರುವ ಸೀರಂ. ಡಿಸ್ಟಿಲ್ಡ್ ವಾಟರ್ ಹಾಕಿ ಕರಗಿಸಿ, ರೋಗಿಯ ಸ್ಯಾಂಪಲ್ ನಡೆಸಿದ ಹಾಗೇ ನಡೆಸುವುದು. ಅದರಲ್ಲಿ ಗ್ಲೂಕೋಸ್ ಸುಮಾರು ಎಷ್ಟಿದೆ ಎಂದು ಕಂಪನಿಯ ಚೀಟಿಯಲ್ಲೇ ಇರುತ್ತದೆ. ನಮ್ಮ ಲೆವೆಲ್ 1, ಅಂದರೆ ಶುಗರ್ ಸಾಧಾರಣ ಮಟ್ಟದಲ್ಲಿರುವ, ಸೀರಂನ ಚೀಟಿಯಲ್ಲಿ 80ರಿಂದ 112 ಎಂದಿತ್ತು. ಅದರೊಳಗೆ ಬಂದರೆ ರಿಜಿಸ್ಟರಿನಲ್ಲಿ 'ಓಕೆ' ಎಂದು ಬರೆದು ಸಹಿ. ಬರದಿದ್ದರೆ ಇನ್ನೊಂದು ಸಲ ಹಾಕುವುದು. ಆಗಲೂ ಬರದಿದ್ದರೆ ಸೀರಂನ ಹೊಸ ವಯಲ್ (ಸಣ್ಣ ಬಾಟಲಿ) ಒಡೆಯುವುದು. ಮೂರನೇ ಸಲಕ್ಕೆ ಹೇಗೂ ಬರುತ್ತಿತ್ತು, ಆ ಮೂರನೆಯದನ್ನೇ ಬರೆಯುತ್ತಿದ್ದೆವು. ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟದ್ದೇ ಹಾಗೆ, ನಾನು ಕಿರಿಯರಿಗೆ ಕಲಿಸಿದ್ದೂ ಹಾಗೇ.

ವಾರಕ್ಕೆರಡು ದಿನ ಬರುವ ಪೆಥಾಲಜಿಸ್ಟ್ ಮೇಡಂ ಹೊಸದಾಗಿ ಸೇರಿದ್ದರು. ಸಂಕ್ರಾಂತಿ ಕಳೆದ ವಾರ ಆ ರಿಜಿಸ್ಟರ್ ತೆಗೆಸಿಕೊಂಡು ಪುಟ ಪುಟ ತಿರುವಿ ನೋಡಿದರು. "ಮೂರು ವರ್ಷದಲ್ಲಿ ಒಂದು ದಿನವೂ ಔಟ್ ಬಂದಿಲ್ವಾ?" ಎಂದರು. "ಇಲ್ಲ ಮೇಡಂ" ಎಂದೆ. ಹೆಮ್ಮೆಯಿಂದಲೇ ಹೇಳಿದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಈ ಪುಸ್ತಕದಿಂದ ನಮಗೆ ಏನೂ ಗೊತ್ತಾಗ್ತಿಲ್ಲಮ್ಮ. ನಾಳೆಯಿಂದ ಚಾರ್ಟ್ ಹಾಕೋಣ" ಎಂದರು.

ಚೀಟಿಯ ಮೇಲಿನ ವ್ಯಾಪ್ತಿ ಅಷ್ಟು ಅಗಲ ಏಕಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಯೋಚನೆಯೇ ಬಂದಿರಲಿಲ್ಲ. ಬೇರೆ ಬೇರೆ ಲ್ಯಾಬುಗಳಲ್ಲಿ, ಬೇರೆ ಬೇರೆ ಮೆಷಿನ್‌ಗಳಲ್ಲಿ ಬಂದ ಅಂಕಿಗಳ ಹರವು ಅದರಲ್ಲಿ ಸೇರಿರುತ್ತದೆ. ಜಾತ್ರೆಗೆ ಬಂದವರೆಲ್ಲರ ಅಳತೆ ತೆಗೆದು ನಮ್ಮ ಮನೆ ಹುಡುಗನಿಗೆ ಅಂಗಿ ಹೊಲಿಸಿದ ಹಾಗೆ. ಹುಡುಗ ಎಷ್ಟು ಸೊರಗಿದರೂ ಅಂಗಿ ಹಿಡಿಸುತ್ತಲೇ ಇರುತ್ತದೆ. ಒಂದೇ ಲ್ಯಾಬು, ಒಂದೇ ಮೆಷಿನ್, ಒಂದೇ ಕೈಗಳು ಎಂದಾಗ ಹರವು ಇನ್ನೂ ಕಿರಿದಾಗಿರಬೇಕು. ಆ ನಮ್ಮ ಸ್ವಂತ ಹರವನ್ನು ಮೊದಲು ಅಳೆಯಬೇಕು. ಅದಕ್ಕೆ ಕನಿಷ್ಠ ಇಪ್ಪತ್ತು ದಿನ, ದಿನಕ್ಕೊಂದರಂತೆ ಇಪ್ಪತ್ತು ರೀಡಿಂಗ್ ಬೇಕು. ಒಂದೇ ದಿನ ಕೂತು ಇಪ್ಪತ್ತು ಸಲ ಓಡಿಸಿದರೆ ಆಗುವುದಿಲ್ಲ. ಬೆಳಿಗ್ಗೆಯ ಚಳಿ, ಮಧ್ಯಾಹ್ನದ ಸೆಕೆ, ಕರೆಂಟ್ ಹೋಗಿ ಬರುವುದು, ನನ್ನ ಕೈ, ನಮ್ಮ ಲ್ಯಾಬಿನ ಕಿರಿಯ ಹುಡುಗನ ಕೈ ಎಲ್ಲ ಆ ಲೆಕ್ಕದಲ್ಲಿ ಸೇರಬೇಕು.

ಆ ಇಪ್ಪತ್ತು ದಿನವೇ ನನ್ನ ನಿಜವಾದ ಪಾಠ. ಮೊದಲ ವಾರದ ರೀಡಿಂಗ್‌ಗಳು ಎಲ್ಲೆಲ್ಲೋ ಹಾರುತ್ತಿದ್ದವು. ಮೆಷಿನ್ ಸರಿ ಇಲ್ಲ ಎಂದುಕೊಂಡೆ. ಮೇಡಂ, "ಸೀರಂ ಹೇಗೆ ಕರಗಿಸ್ತೀರಾ ತೋರ್ಸಿ" ಎಂದರು. ವಯಲ್‌ಗೆ 5 ಎಂಎಲ್ ನೀರು ಹಾಕಬೇಕು. ನಾವು ಹಾಕುತ್ತಿದ್ದದ್ದು ಇಂಜೆಕ್ಷನ್ ಸಿರಿಂಜಿನಲ್ಲಿ. ಒಬ್ಬರ 5 ಎಂಎಲ್ ಇನ್ನೊಬ್ಬರ 5 ಎಂಎಲ್ ಆಗಿರಲಿಲ್ಲ. ನೀರು ಕಾಲು ಎಂಎಲ್ ಹೆಚ್ಚಾದರೆ ಒಳಗಿರುವುದೆಲ್ಲ ನೂರಕ್ಕೆ ಐದರಷ್ಟು ತೆಳುವಾಯಿತು. ಮುಚ್ಚಳ ಸರಕ್ಕನೆ ಎಳೆದರೆ ಪುಡಿ ಹಾರುತ್ತದೆ. ಬೇಗ ಕರಗಲಿ ಎಂದು ಕುಲುಕಿದರೆ ನೊರೆ ಬರುತ್ತದೆ. ಇದನ್ನೆಲ್ಲ ನಾವು ದಿನವೂ ಮಾಡುತ್ತಿದ್ದೆವು. ಗಾಜಿನ ವಾಲ್ಯುಮೆಟ್ರಿಕ್ ಪಿಪೆಟ್ ತರಿಸಿದೆವು. ಕರಗಿಸುವುದು ಒಬ್ಬರೇ ಎಂದು ಗೊತ್ತು ಮಾಡಿದೆವು. ನೀರು ಹಾಕಿದ ಮೇಲೆ ಅರ್ಧ ಗಂಟೆ ಬಿಡುವುದು, ಮೆಲ್ಲಗೆ ಬಾಟಲಿ ತಿರುಗಿಸುವುದು, ಆಮೇಲೆ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟು ದಿನಕ್ಕೊಂದು ತೆಗೆಯುವುದು. ಒಮ್ಮೆ ಕರಗಿದ ಟ್ಯೂಬ್ ಮತ್ತೆ ಫ್ರೀಜರಿಗೆ ಹೋಗಬಾರದು.

ಅದೇ ಸೀರಂನಲ್ಲಿ ಅಳೆಯುವ ಎನ್‌ಜೈಮ್ ಆಲ್ಕಲೈನ್ ಫಾಸ್ಫಟೇಸ್‌ದು ಬೇರೆಯೇ ಕಥೆ. ಬೆಳಿಗ್ಗೆ ನಡೆಸಿದರೆ ಒಂದು ಅಂಕಿ, ಅದೇ ವಯಲ್ ಮಧ್ಯಾಹ್ನ ನಡೆಸಿದರೆ ಇನ್ನೂ ಮೇಲೆ. ಪುಡಿ ಸೀರಂ ಕರಗಿಸಿದ ಮೇಲೆ ಆ ಎನ್‌ಜೈಮಿನ ಚಟುವಟಿಕೆ ಗಂಟೆ ಗಂಟೆಗೂ ಏರುತ್ತಾ ಹೋಗುತ್ತದೆ ಎಂದು ಆಗ ತಿಳಿಯಿತು. ರೋಗಿಯ ರಕ್ತಕ್ಕೆ ಸಂಬಂಧವಿಲ್ಲದ, ಕಂಟ್ರೋಲ್ ಸೀರಂನದೇ ಗುಣ ಅದು. ಎಷ್ಟು ಹೊತ್ತು ಕಾಯುತ್ತೇವೆ ಎಂಬುದನ್ನು ದಿನವೂ ಒಂದೇ ಆಗಿ ಇಟ್ಟುಕೊಂಡ ಮೇಲೆ ಅದು ಹಿಡಿತಕ್ಕೆ ಬಂತು. ಕಾಮಾಲೆ ಪರೀಕ್ಷೆಯಲ್ಲಿ ಅಳೆಯುವ ಬಿಲಿರುಬಿನ್ ಬೆಳಕಿಗೆ ಕೆಟ್ಟು ಕಡಿಮೆಯಾಗುತ್ತದೆ. ನಮ್ಮ ಟೇಬಲ್ ಇದ್ದದ್ದು ಪೂರ್ವದ ಕಿಟಕಿ ಪಕ್ಕದಲ್ಲಿ. ಟ್ಯೂಬುಗಳಿಗೆ ಚಪಾತಿ ಸುತ್ತುವ ಬೆಳ್ಳಿ ಹಾಳೆ ಸುತ್ತಲು ಶುರು ಮಾಡಿದೆವು.

ಇಪ್ಪತ್ತು ಒಳ್ಳೆಯ ರೀಡಿಂಗ್ ಕೈಗೆ ಬಂದಾಗ ಫೆಬ್ರವರಿ ಮುಗಿಯುತ್ತಿತ್ತು. ಸರಾಸರಿ ತೆಗೆಯುವುದು ಸುಲಭ. ಸ್ಟ್ಯಾಂಡರ್ಡ್ ಡೀವಿಯೇಷನ್, ನಾವು ಎಸ್‌ಡಿ ಅನ್ನುತ್ತೇವೆ, ಅಂದರೆ ರೀಡಿಂಗ್‌ಗಳು ಆ ಸರಾಸರಿಯ ಸುತ್ತ ಎಷ್ಟು ದೂರದವರೆಗೆ ಹರಡಿಕೊಂಡಿವೆ ಎಂಬುದರ ಅಳತೆ. ಕಂಪ್ಯೂಟರಿನಲ್ಲಿ ಎಕ್ಸೆಲ್‌ಗೆ ಅಂಕಿ ಕೊಟ್ಟರೆ ಅದೇ ಹೇಳುತ್ತದೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಇಪ್ಪತ್ತರಲ್ಲಿ ನಾಲ್ಕೈದು ರೀಡಿಂಗ್ ಉಳಿದವುಗಳಿಂದ ಸ್ವಲ್ಪ ದೂರ ಇದ್ದವು. ಅವನ್ನು ತೆಗೆದು ಹಾಕಿದೆ. ಚಾರ್ಟ್ ಚೆನ್ನಾಗಿ ಕಾಣಲಿ, ನಮ್ಮ ಕೆಲಸ ಅಚ್ಚುಕಟ್ಟು ಅನ್ನಿಸಲಿ ಎಂದು. ಎಸ್‌ಡಿ 1.1 ಬಂತು. ಮಾರ್ಚ್ ಮೊದಲ ವಾರದಿಂದ, ಆ ಎಸ್‌ಡಿ ಲೆಕ್ಕದಲ್ಲಿ ಎಳೆದ ಗೆರೆಗಳ ನಡುವೆ ದಿನದ ಕಂಟ್ರೋಲ್ ರೀಡಿಂಗನ್ನು ಚುಕ್ಕಿಯಾಗಿ ಇಡಲು ಹೋದರೆ ದಿನ ಬಿಟ್ಟು ದಿನ ಔಟ್. ಹುಡುಗ ಬೇಸತ್ತು, "ಅಕ್ಕ, ಹಳೇದೇ ಚೆನ್ನಾಗಿತ್ತು" ಎಂದ.

ಮೇಡಂ ಮೂಲ ಅಂಕಿಗಳನ್ನು ಕೇಳಿದರು. ಹೊಡೆದು ಹಾಕಿದ್ದವುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, "ಇದನ್ನ ಯಾಕೆ ತೆಗೆದೆ? ಅವತ್ತು ಏನಾಗಿತ್ತು?" ಎಂದು ಕೇಳುತ್ತಾ ಹೋದರು. ಒಂದಕ್ಕೆ ಮಾತ್ರ ನನ್ನ ಬಳಿ ಉತ್ತರವಿತ್ತು: ಅವತ್ತು ನೀರು ಅಳೆಯುವಾಗ ಚೆಲ್ಲಿತ್ತು. ಅದೊಂದನ್ನು ಬಿಡಿ, ಉಳಿದವನ್ನು ಸೇರಿಸಿ ಎಂದರು. ಅವತ್ತಿಗೂ ಇವತ್ತಿಗೂ ನಾನು ಪಾಲಿಸುವ ನಿಯಮ ಅದು. ಕಾರಣ ಗೊತ್ತಿದ್ದರೆ ಮಾತ್ರ ಅಂಕಿ ತೆಗೆಯಬೇಕು. ದೂರ ಇದೆ ಅನ್ನುವುದು ಕಾರಣವಾಗುವುದಿಲ್ಲ, ಆ ದೂರವೂ ನಮ್ಮ ಲ್ಯಾಬಿನದೇ. ಬಿಟ್ಟ ಒಂದರ ಜಾಗಕ್ಕೆ ಇನ್ನೊಂದು ದಿನದ್ದು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಲೆವೆಲ್ 1ರ ಸರಾಸರಿ 94.2, ಎಸ್‌ಡಿ 2.4. ಲೆವೆಲ್ 2ರ, ಅಂದರೆ ಶುಗರ್ ಹೆಚ್ಚಿರುವ ಸೀರಂನ, ಸರಾಸರಿ 268, ಎಸ್‌ಡಿ 6.

ಗೆರೆ ಎಳೆಯುವ ಕೆಲಸವನ್ನು ಒಂದು ಭಾನುವಾರ ಮನೆಯಲ್ಲೇ ಮಾಡಿದೆ. ನಡುವೆ 94.2ಕ್ಕೆ ಹಸಿರು ಗೆರೆ. ಮೇಲೆ ಕೆಳಗೆ ಎರಡು ಎಸ್‌ಡಿಗೆ, ಅಂದರೆ 89.4 ಮತ್ತು 99ಕ್ಕೆ, ನೀಲಿ. ಮೂರು ಎಸ್‌ಡಿಗೆ, 87 ಮತ್ತು 101.4ಕ್ಕೆ, ಕೆಂಪು. ಒಂದು ಎಸ್‌ಡಿಗೆ ಪೆನ್ಸಿಲ್. ಹಳೆಯ 80ರಿಂದ 112ರ ಅಂಗಿ ಎಷ್ಟು ದೊಗಲೆಯಾಗಿತ್ತು ಎಂದು ಆ ಹಾಳೆಯ ಮೇಲೆ ಮೊದಲ ಸಲ ಕಣ್ಣಿಗೆ ಕಂಡಿತು.

ನಮ್ಮ ದೊಡ್ಡಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿ ಮೂವತ್ತು ವರ್ಷ ದುಡಿದು ಊರಿಗೆ ಬಂದವರು. ಕಾಫಿ ಲೋಟ ಹಿಡಿದು ಬಗ್ಗಿ ನೋಡಿದವರೇ, "ಇದು ನಮ್ ಶಾಪಿನ ಚಾರ್ಟಲ್ವೇನೇ! ರಕ್ತಕ್ಕೂ ಇದನ್ನ ಹಾಕ್ತಾರಾ?" ಎಂದರು. ಲೇತ್ ಮೇಲೆ ಶಾಫ್ಟ್ ಕೆತ್ತುವಾಗ ಗಂಟೆಗೊಮ್ಮೆ ಐದು ಪೀಸ್ ತೆಗೆದು ಮೈಕ್ರೋಮೀಟರಿನಲ್ಲಿ ಅಳೆದು ಸರಾಸರಿಯನ್ನು ಚಾರ್ಟ್ ಮೇಲೆ ಗುರುತಿಸುತ್ತಿದ್ದರಂತೆ. "ಒಂದ್ ಚುಕ್ಕಿ ಮೇಲೆ ಹೋಯ್ತು ಅಂತ ಮೆಷಿನ್ ತಿರುವೋಕೆ ಹೋಗ್ಬಾರ್ದು. ಆದ್ರೆ ಚುಕ್ಕಿ ಮೆಟ್ಲು ಹತ್ತಿದಂಗೆ ಏರ್ತಾ ಇದ್ರೆ ಟೂಲ್ ಸವೀತಾ ಇದೆ ಅಂತ. ಗೆರೆ ದಾಟೋವರ್ಗೂ ಕಾಯ್ಬಾರ್ದು" ಎಂದರು. ಆ ಮಾತು ಆರು ತಿಂಗಳ ನಂತರ ನನ್ನ ಕೈ ಹಿಡಿಯಿತು.

ದೊಡ್ಡಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಈ ಚಾರ್ಟ್ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಅಮೆರಿಕದ ಬೆಲ್ ಟೆಲಿಫೋನ್ ಬಳಗದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೆವಾರ್ಟ್ 1924ರ ಮೇ ತಿಂಗಳಲ್ಲಿ ಒಂದೇ ಪುಟದ ಟಿಪ್ಪಣಿಯಲ್ಲಿ ಇದರ ಮೊದಲ ನಕ್ಷೆ ಬರೆದು ಮೇಲಧಿಕಾರಿಗೆ ಕೊಟ್ಟರು. ಯಾವ ಕೆಲಸದಲ್ಲೂ ಸಹಜವಾದ ಏರಿಳಿತ ಇದ್ದೇ ಇರುತ್ತದೆ, ಅದನ್ನು ಬೆನ್ನಟ್ಟಬೇಡಿ. ಆ ಏರಿಳಿತಕ್ಕೆ ಸೇರದ, ಹುಡುಕಿದರೆ ಕಾರಣ ಸಿಗುವಂಥ ವ್ಯತ್ಯಾಸವನ್ನು ಬಿಡಬೇಡಿ ಎಂಬುದು ಅದರ ತಿರುಳು. ಅವರು 1947-48ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಆಹ್ವಾನದ ಮೇಲೆ ಭಾರತಕ್ಕೂ ಬಂದು ಇಲ್ಲಿನ ಕೈಗಾರಿಕೆಗಳವರಿಗೆ ಇದನ್ನು ಪರಿಚಯಿಸಿದ್ದರು. ಲ್ಯಾಬಿಗೆ ತಂದವರು ಲೆವಿ ಮತ್ತು ಜೆನ್ನಿಂಗ್ಸ್, 1950ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ ಬೆಲ್ಕ್ ಮತ್ತು ಸಂಡರ್‌ಮನ್ ಎಂಬಿಬ್ಬರು ಪೆನ್ಸಿಲ್ವೇನಿಯಾದ ಆಸ್ಪತ್ರೆ ಲ್ಯಾಬುಗಳಿಗೆ ಒಂದೇ ಸ್ಯಾಂಪಲ್ ಹಂಚಿ, ಉತ್ತರಗಳು ಎಷ್ಟು ಚೆಲ್ಲಾಪಿಲ್ಲಿ ಬರುತ್ತವೆ ಎಂದು ತೋರಿಸಿದ್ದರು. ಇವತ್ತಿಗೂ ನಾವು ಇದನ್ನು ಎಲ್‌ಜೆ ಚಾರ್ಟ್ ಎಂದೇ ಕರೆಯುವುದು.

ಗೆರೆ ಎಳೆದಾಯಿತು. ಚುಕ್ಕಿ ಎಲ್ಲಿ ಬಿದ್ದರೆ ಕೆಲಸ ನಿಲ್ಲಿಸಬೇಕು? ಎಲ್ಲವೂ ಸರಿ ಇದ್ದಾಗಲೂ ನೂರು ಚುಕ್ಕಿಯಲ್ಲಿ ಸುಮಾರು ಐದು ಎರಡು ಎಸ್‌ಡಿಯ ನೀಲಿ ಗೆರೆ ದಾಟುತ್ತವೆ. ಎರಡು ಲೆವೆಲ್ ಹಾಕಿದರೆ ಹೆಚ್ಚುಕಡಿಮೆ ಹನ್ನೊಂದು ದಿನಕ್ಕೊಮ್ಮೆ ಯಾವುದಾದರೂ ಒಂದು ಹೊರಗೆ ಹೋಗಿಯೇ ತೀರುತ್ತದೆ. 'ಇನ್ನೊಂದು ಸಲ ಹಾಕು' ಎಂಬ ಚಾಳಿ ಹುಟ್ಟುವುದೇ ಇಲ್ಲಿಂದ ಎಂದು ನನ್ನ ನಂಬಿಕೆ. ಸುಮ್ಮಸುಮ್ಮನೆ ಕೂಗುವ ಗಂಟೆಗೆ ಯಾರೂ ಕಿವಿಗೊಡುವುದಿಲ್ಲ. ಎರಡನೇ ಸಲ ಹಾಕಿದಾಗ ಒಳಗೆ ಬಂದರೆ ಮೊದಲನೆಯದು ಸುಳ್ಳು ಎಂದುಕೊಳ್ಳುತ್ತೇವೆ. ನಿಜವಾಗಿ ಕೆಟ್ಟಿರುವ ದಿನವೂ ಹಾಗೇ ಅಂದುಕೊಳ್ಳುತ್ತೇವೆ.

ಜೇಮ್ಸ್ ವೆಸ್ಟ್‌ಗಾರ್ಡ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1981ರಲ್ಲಿ ಇದಕ್ಕೆ ಒಂದು ದಾರಿ ಹೇಳಿದರು. ನೀಲಿ ಗೆರೆ ದಾಟಿದರೆ ಅದು ಎಚ್ಚರಿಕೆ ಅಷ್ಟೇ, ಹಿಂದಿನ ಚುಕ್ಕಿಗಳನ್ನೂ ಪಕ್ಕದ ಲೆವೆಲನ್ನೂ ನೋಡಿ ತೀರ್ಮಾನಿಸಬೇಕು. ಕೆಂಪು ದಾಟಿದರೆ ನಿಲ್ಲಿಸಬೇಕು. ಸತತ ಎರಡು ಒಂದೇ ಕಡೆಯ ನೀಲಿ ದಾಟಿದರೆ ನಿಲ್ಲಿಸಬೇಕು. ಒಂದು ಲೆವೆಲ್ ಮೇಲಿನ ನೀಲಿಯಾಚೆ, ಇನ್ನೊಂದು ಕೆಳಗಿನ ನೀಲಿಯಾಚೆ ಹೋಗಿ ನಡುವೆ ನಾಲ್ಕು ಎಸ್‌ಡಿಗಿಂತ ಹೆಚ್ಚು ಅಂತರ ಬಿದ್ದರೂ ನಿಲ್ಲಿಸಬೇಕು. ಸತತ ನಾಲ್ಕು ಒಂದೇ ಕಡೆಯ ಪೆನ್ಸಿಲ್ ಗೆರೆಯಾಚೆ ಇದ್ದರೆ, ಅಥವಾ ಸತತ ಹತ್ತು ಚುಕ್ಕಿ ಹಸಿರು ಗೆರೆಯ ಒಂದೇ ಮಗ್ಗುಲಲ್ಲಿ ಬಿದ್ದರೆ, ಯಾವ ಗೆರೆ ದಾಟದಿದ್ದರೂ, ಏನೋ ಸರಿದಿದೆ ಎಂದರ್ಥ. ಈ ನಿಯಮಗಳನ್ನು ಕನ್ನಡದಲ್ಲಿ ಬರೆದು ಚಾರ್ಟ್ ಪಕ್ಕದಲ್ಲೇ ಅಂಟಿಸಿದೆ. ಕೊನೆಗೆ ನಮ್ಮದೊಂದು ನಿಯಮ ಸೇರಿಸಿದೆ: ಕಾರಣ ಹುಡುಕದೆ ಕಂಟ್ರೋಲ್ ಮತ್ತೆ ಹಾಕುವ ಹಾಗಿಲ್ಲ. ಹಾಕಿದರೆ ಎರಡೂ ಚುಕ್ಕಿ ಚಾರ್ಟ್ ಮೇಲೆ ಬರಬೇಕು.

ಮೊದಲು ಸಿಕ್ಕಿಬಿದ್ದದ್ದು ಪಿಪೆಟ್. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಲೆವೆಲ್ 1 ಮೇಲಿನ ನೀಲಿ ದಾಟಿ 99.5, ಅದೇ ಹೊತ್ತಿಗೆ ಲೆವೆಲ್ 2 ಕೆಳಗಿನ ನೀಲಿ ದಾಟಿ 255. ಒಂದು ಮೇಲೆ ಒಂದು ಕೆಳಗೆ ಎಂದರೆ ಸ್ಟ್ಯಾಂಡರ್ಡ್ (ಗ್ಲೂಕೋಸ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ, ಮೆಷಿನ್‌ಗೆ ಅಳತೆಗೋಲಾಗುವ ದ್ರಾವಣ) ತಪ್ಪಲ್ಲ, ರೀಏಜೆಂಟ್ ತಪ್ಪಲ್ಲ. ಅವು ಕೆಟ್ಟರೆ ಎರಡನ್ನೂ ಒಂದೇ ಕಡೆಗೆ ಎಳೆಯುತ್ತವೆ. ಸಲದಿಂದ ಸಲಕ್ಕೆ ಬೇರೆಯಾಗುವುದು ಯಾವುದು ಎಂದು ನೋಡಬೇಕು. ರೀಏಜೆಂಟ್ ಹಾಕುವ 1000 ಮೈಕ್ರೋಲೀಟರ್ ಪಿಪೆಟ್ ಮೇಲೆ ಅನುಮಾನ ಬಂತು. ಒಂದು ಎಂಎಲ್ ನೀರು ಒಂದು ಗ್ರಾಂ ತೂಗಬೇಕಲ್ಲ, ಆದರೆ ನಮ್ಮಲ್ಲಿ ಅಷ್ಟು ಸೂಕ್ಷ್ಮದ ತಕ್ಕಡಿ ಇಲ್ಲ. ಪೇಟೆಯ ಚಿನ್ನದ ಅಂಗಡಿಗೆ ಹೋಗಿ ಕೇಳಿಕೊಂಡೆ. ಅವರ ತಕ್ಕಡಿ ಮಿಲಿಗ್ರಾಂವರೆಗೂ ತೋರಿಸುತ್ತದೆ. ಸಣ್ಣ ಬಟ್ಟಲಿಗೆ ಹತ್ತು ಸಲ ನೀರು ಹಾಕಿ ತೂಗಿದೆವು. ಒಮ್ಮೆ 0.99, ಒಮ್ಮೆ 0.93, ಮತ್ತೆ 0.98. ಅಂಗಡಿಯ ಯಜಮಾನರೇ, "ಇದು ಸೋರ್ತಾ ಇದೆ ಕಣಮ್ಮ" ಎಂದರು. ಒಳಗಿನ ರಬ್ಬರ್ ರಿಂಗ್ ಸವೆದಿತ್ತು. ರಿಂಗ್ ಬದಲಿಸಿ ಗ್ರೀಸ್ ಹಚ್ಚಿದ ಮೇಲೆ ತೂಕ ನಿಂತಿತು, ಚುಕ್ಕಿಗಳೂ ನಿಂತವು. ಈಗ ಮೂರು ತಿಂಗಳಿಗೊಮ್ಮೆ ಪಿಪೆಟ್‌ಗಳನ್ನು ಒಯ್ಯುತ್ತೇವೆ. ಅವರು ಒಂದು ದಿನವೂ ಬೇಡ ಅಂದಿಲ್ಲ.

ಗಣೇಶನ ಹಬ್ಬದ ಹಿಂದಿನ ವಾರ ನಡೆದದ್ದು ಅದಕ್ಕಿಂತ ದೊಡ್ಡದು. ಬೆಳಿಗ್ಗೆ ಹುಡುಗ ಚುಕ್ಕಿ ಇಟ್ಟು, "ಅಕ್ಕ, 97. ಒಳಗೇ ಇದೆ" ಎಂದ. ಸರಿ ಎಂದು ಸ್ಯಾಂಪಲ್ ಜೋಡಿಸಲು ಹೋದವಳು ಯಾಕೋ ತಿರುಗಿ ನೋಡಿದೆ. 95, 95, 96, 95, 96, 97, 96, 97, 98, ಈಗ 97. ಒಂದೂ ನೀಲಿ ದಾಟಿಲ್ಲ. ಆದರೆ ಹತ್ತೂ ಹಸಿರು ಗೆರೆಗಿಂತ ಮೇಲೆ. ಪಕ್ಕದ ಹಾಳೆಯಲ್ಲಿ ಲೆವೆಲ್ 2 ಕೂಡ ಹಾಗೇ 270ರಿಂದ ಏರಿ 278ಕ್ಕೆ ಬಂದಿತ್ತು. ಅದರ ನೀಲಿ ಗೆರೆ 280. ದೊಡ್ಡಪ್ಪನ ಮೆಟ್ಟಿಲು ಕಣ್ಣ ಮುಂದೆಯೇ ಇತ್ತು. ಹಳೆಯ ರಿಜಿಸ್ಟರಾಗಿದ್ದರೆ ಹತ್ತು 'ಓಕೆ', ಹತ್ತು ಸಹಿ.

ಆಗಲೇ ಹೊರಗೆ ಹದಿನೈದು ಜನ ಉಪವಾಸ ಬಂದು ಕೂತಿದ್ದರು. ರಕ್ತ ತೆಗೆದು, ಗ್ಲೂಕೋಸ್ ಕಡಿಮೆಯಾಗದಂತೆ ತಡೆಯುವ ಫ್ಲೋರೈಡ್ ಟ್ಯೂಬಿಗೆ ಹಾಕಿ, ತಿಂಡಿ ತಿಂದು ಬನ್ನಿ, ರಿಪೋರ್ಟ್ ಮಧ್ಯಾಹ್ನ ಎಂದು ಹೇಳಿ ಕಳಿಸಿದೆ. ಬಾಗಿಲು ಮುಂದೆ ಮಾಡಿ ಹುಡುಕಲು ಕೂತೆವು. ಎರಡೂ ಲೆವೆಲ್ ಒಂದೇ ಕಡೆಗೆ, ಎರಡೂ ಸುಮಾರು ನೂರಕ್ಕೆ ಮೂರ್ನಾಲ್ಕರಷ್ಟು. ಹಾಗಿದ್ದರೆ ಎಲ್ಲವನ್ನೂ ಗುಣಿಸುವ ಅಂಕಿಯಲ್ಲೇ ತಪ್ಪಿರಬೇಕು. ಡೆಸಿಲೀಟರಿಗೆ 100 ಮಿಲಿಗ್ರಾಂ ಗ್ಲೂಕೋಸ್ ಇರುವ ಸ್ಟ್ಯಾಂಡರ್ಡ್ ದ್ರಾವಣವನ್ನು ದಿನವೂ ಬೆಳಿಗ್ಗೆ ಓಡಿಸುತ್ತೇವೆ. ಅದರ ಬಣ್ಣದ ಓಡಿಯಿಂದ (ಬಣ್ಣ ಎಷ್ಟು ಗಾಢ ಎಂದು ಮೆಷಿನ್ ಓದುವ ಅಂಕಿ) 100ನ್ನು ಭಾಗಿಸಿದರೆ ಬರುವುದು ಫ್ಯಾಕ್ಟರ್. ಪ್ರತಿ ರೋಗಿಯ ಓಡಿಯನ್ನೂ ಅದರಿಂದಲೇ ಗುಣಿಸುವುದು. ಮೆಷಿನ್ ಚೀಟಿಗಳನ್ನು ಹಿಂದಕ್ಕೆ ತಿರುವಿದೆ. ತಿಂಗಳ ಮೊದಲು ಸ್ಟ್ಯಾಂಡರ್ಡ್ ಓಡಿ 0.320, ಫ್ಯಾಕ್ಟರ್ 312. ಆಮೇಲೆ 314, 315, 318, 321. ಅವತ್ತು ಓಡಿ 0.309, ಫ್ಯಾಕ್ಟರ್ 324. ದಿನಕ್ಕೊಂದಿಷ್ಟೇ ಏರಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸ್ಟ್ಯಾಂಡರ್ಡ್ ಬಾಟಲಿಯಲ್ಲಿ ಗ್ಲೂಕೋಸ್ ಕಡಿಮೆಯಾಗುತ್ತಿತ್ತು. ಮೆಷಿನ್ ಮಾತ್ರ ಅದನ್ನು 100 ಎಂದೇ ನಂಬಿ ಉಳಿದವರೆಲ್ಲರ ಅಂಕಿಯನ್ನು ಏರಿಸುತ್ತಿತ್ತು.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಹತ್ತಿಯ ಎಳೆಯಂಥದ್ದು ತೇಲುತ್ತಿತ್ತು. ಗ್ಲೂಕೋಸ್ ಎಂದರೆ ಸೂಕ್ಷ್ಮಜೀವಿಗಳಿಗೂ ಊಟವೇ. ನಾವು ಪಿಪೆಟ್ಟಿನ ತುದಿಯ ಟಿಪ್ಪನ್ನು ನೇರವಾಗಿ ಬಾಟಲಿಗೇ ಅದ್ದುತ್ತಿದ್ದೆವು. ಕೆಲಸದ ಗಡಿಬಿಡಿಯಲ್ಲಿ ಬಾಟಲಿ ಮಧ್ಯಾಹ್ನದವರೆಗೆ ಟೇಬಲ್ ಮೇಲೇ ಉಳಿಯುತ್ತಿತ್ತು. ಹೊಸ ಬಾಟಲಿ ಒಡೆದೆವು. ಓಡಿ 0.321. ಕಂಟ್ರೋಲ್ ಹಾಕಿದರೆ 94 ಮತ್ತು 267. ಅವತ್ತಿನ ಹದಿನೈದು ಸ್ಯಾಂಪಲ್ ನಡೆಸಿ ಹನ್ನೊಂದೂವರೆಗೆ ರಿಪೋರ್ಟ್ ಕೊಟ್ಟೆವು. ಹುಡುಗ ನಿಟ್ಟುಸಿರು ಬಿಟ್ಟ. ನನಗೆ ಅದು ಸಾಧ್ಯವಾಗಲಿಲ್ಲ. ಹಿಂದಿನ ಹತ್ತು ದಿನಗಳ ರಿಪೋರ್ಟುಗಳು ಊರ ತುಂಬ ಹರಡಿದ್ದವು.

ನೂರಕ್ಕೆ ನಾಲ್ಕು ಎಂದರೆ ಸಣ್ಣದೆನಿಸುತ್ತದೆ. 250 ಇರುವವರಿಗೆ 260 ಎಂದರೆ ಚಿಕಿತ್ಸೆಯೇನೂ ಬದಲಾಗುವುದಿಲ್ಲ. ಆದರೆ ಉಪವಾಸದ ಶುಗರ್ 126 ಮುಟ್ಟಿದರೆ ಡಯಾಬಿಟೀಸ್ ಎನ್ನುವ ಗೆರೆ ಇದೆ. ನಿಜವಾಗಿ 122 ಇದ್ದವರಿಗೆ ನಾವು 127 ಎಂದು ಬರೆದು ಕೊಟ್ಟಿರುತ್ತೇವೆ. ರಿಜಿಸ್ಟರ್ ತೆಗೆದು, ಆ ಹತ್ತು ದಿನಗಳಲ್ಲಿ 126ರಿಂದ 132ರ ನಡುವೆ ಬಂದವರನ್ನು ಗುರುತು ಹಾಕಿದೆ. ಒಂಬತ್ತು ಜನ. ಮೇಡಂಗೆ ಫೋನ್ ಮಾಡಿ, ಅವರು ಹೇಳಿದಂತೆ ನರ್ಸಿಂಗ್ ಹೋಮಿನ ಡಾಕ್ಟರ ಬಳಿ ಹೋದೆ. ಕಾಲು ನಡುಗುತ್ತಿತ್ತು. ಅವರು ಎಲ್ಲ ಕೇಳಿ, "ಕರೆದು ಹೇಳಿದ್ರೆ ಜನಕ್ಕೆ ನಮ್ಮ ಲ್ಯಾಬ್ ಮೇಲೇ ಅನುಮಾನ ಬರುತ್ತಲ್ಲಮ್ಮ" ಎಂದರು. ನಾನು ಚಾರ್ಟ್ ಹಾಳೆಯನ್ನೇ ಕಿತ್ತುಕೊಂಡು ಹೋಗಿದ್ದೆ. ಮೇಜಿನ ಮೇಲಿಟ್ಟೆ. ಅವರು ಆ ಹತ್ತು ಚುಕ್ಕಿಗಳನ್ನು ಬೆರಳಿನಲ್ಲಿ ಒಂದೊಂದಾಗಿ ಮುಟ್ಟುತ್ತಾ ಹೋದರು. ಆಮೇಲೆ, "ಕರೀರಿ. ದುಡ್ಡು ತಗೋಬೇಡಿ" ಎಂದರು.

ಇಬ್ಬರ ಪ್ಲಾಸ್ಮಾ (ರಕ್ತಕಣ ಬೇರ್ಪಡಿಸಿದ ತಿಳಿ) ಇನ್ನೂ ಫ್ರಿಜ್ಜಿನಲ್ಲಿತ್ತು, ಅದನ್ನೇ ಮತ್ತೆ ನಡೆಸಿದೆವು. ಉಳಿದವರಲ್ಲಿ ಐದು ಜನ ಮರಳಿ ಬಂದರು. ಒಟ್ಟು ಏಳರಲ್ಲಿ ನಾಲ್ವರದು 126ರ ಕೆಳಗೆ. ಮರಳಿ ಬಂದವರದ್ದೆಲ್ಲ ನಮ್ಮ ಸ್ಟ್ಯಾಂಡರ್ಡಿನಿಂದಲೇ ಇಳಿಯಿತು ಎಂದು ಹೇಳಲಾರೆ, ಒಬ್ಬರ ಶುಗರ್ ದಿನದಿಂದ ದಿನಕ್ಕೂ ಬೇರೆಯಾಗುತ್ತದೆ. ಲಕ್ಷಣವಿಲ್ಲದವರಿಗೆ ಒಂದೇ ಪರೀಕ್ಷೆಯ ಮೇಲೆ ಡಯಾಬಿಟೀಸ್ ಎಂದು ಹೇಳಬಾರದು ಎಂದಿರುವುದೂ ಅದಕ್ಕೇ. ಆದರೆ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ಮುಖ ಮರೆಯಲಾರೆ. ಮೂವತ್ತೈದರ ಒಳಗಿನ ವಯಸ್ಸು. "ನಮ್ಮಪ್ಪಂಗೆ ಇದರಿಂದ್ಲೇ ಕಾಲು ತೆಗೆದ್ರು ಅಕ್ಕ. ನಂಗೂ ಬಂತು ಅಂತ ಒಂದು ವಾರದಿಂದ ನಿದ್ದೆ ಮಾಡಿಲ್ಲ" ಎಂದಳು. ಅವಳದು 120 ಬಂತು. ಅದೂ ಜೋಪಾನವಾಗಿರಬೇಕಾದ ಅಂಕಿಯೇ ಎಂದು ಡಾಕ್ಟರು ತಿಳಿಹೇಳಿದರು. ಅವಳು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಇಬ್ಬರು ಕೊನೆಗೂ ಬರಲಿಲ್ಲ. ಅವರು ಕೊಟ್ಟಿದ್ದ ಫೋನ್ ನಂಬರ್ ಚಾಲ್ತಿಯಲ್ಲಿರಲಿಲ್ಲ.

ನಾವು ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ನಡೆಸುವ ಹೊರಗಿನ ಗುಣಮಟ್ಟ ಯೋಜನೆಗೂ ಸೇರಿದ್ದೇವೆ. ಅವರು ಕಳಿಸುವ ಸ್ಯಾಂಪಲ್ ನಡೆಸಿ ಉತ್ತರ ಕಳಿಸಿದರೆ ಬೇರೆ ಲ್ಯಾಬುಗಳ ಜೊತೆ ಹೋಲಿಸಿ ನಾವೆಲ್ಲಿದ್ದೇವೆ ಎಂದು ತಿಳಿಸುತ್ತಾರೆ. ಅದು ಬಹಳ ಮುಖ್ಯ. ಚಾರ್ಟ್ ಹೇಳುವುದು ನಾವು ನಿನ್ನೆಯ ನಮ್ಮ ಹಾಗೇ ಇದ್ದೇವೆಯೇ ಎಂದಷ್ಟೇ, ನಿನ್ನೆ ಸರಿ ಇದ್ದೆವೇ ಎಂಬುದನ್ನು ಹೊರಗಿನವರೇ ಹೇಳಬೇಕು. ಆದರೆ ತಿಂಗಳಿಗೊಮ್ಮೆ ಬರುವ ಉತ್ತರಕ್ಕೆ ಕಾದಿದ್ದರೆ ಆ ಬಾಟಲಿ ಇನ್ನೆಷ್ಟು ಜನರಿಗೆ ತಪ್ಪು ಅಂಕಿ ಕೊಡುತ್ತಿತ್ತೋ.

ಚಾರ್ಟ್ ಹಿಡಿಯದ ತಪ್ಪುಗಳೂ ಇವೆ, ಅದನ್ನು ಹೇಳದೆ ಬಿಟ್ಟರೆ ನ್ಯಾಯವಲ್ಲ. ಹೋಬಳಿಯ ಕಲೆಕ್ಷನ್ ಸೆಂಟರಿನಿಂದ ನಮಗೆ ಬಸ್ಸಿನಲ್ಲಿ ಸ್ಯಾಂಪಲ್ ಬರುತ್ತವೆ. ಫ್ಲೋರೈಡ್ ಇಲ್ಲದ ಟ್ಯೂಬಿನಲ್ಲಿ, ಸೆಂಟ್ರಿಫ್ಯೂಜ್ ಮಾಡದೆ ಇಟ್ಟ ರಕ್ತದಲ್ಲಿ ರಕ್ತಕಣಗಳೇ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಗ್ಲೂಕೋಸ್ ತಿಂದು ಹಾಕುತ್ತವೆ. ಎರಡು ಗಂಟೆ ತಡವಾದರೆ 126 ಇದ್ದವರು ಆರಾಮವಾಗಿ 112 ಆಗುತ್ತಾರೆ. ನಮ್ಮ ಕಂಟ್ರೋಲ್ ಸೀರಂ ಬಸ್ಸಿನಲ್ಲಿ ಬರುವುದಿಲ್ಲ, ಅದಕ್ಕೆ ಈ ನಷ್ಟ ಗೊತ್ತಾಗುವುದೂ ಇಲ್ಲ. ಹೆಸರು ಅದಲುಬದಲಾದರೆ, ಕಾಫಿ ಕುಡಿದು ಬಂದು ಉಪವಾಸ ಎಂದರೆ, ಆಗಲೂ ಚುಕ್ಕಿ ಹಸಿರು ಗೆರೆಯ ಮೇಲೇ ಕೂತಿರುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇಲ್ಲದೆ ಶುಗರ್ ಸ್ಯಾಂಪಲ್ ತೆಗೆದುಕೊಳ್ಳುವುದಿಲ್ಲ ಎಂದು ಆ ಸೆಂಟರಿಗೆ ಖಡಾಖಂಡಿತವಾಗಿ ಹೇಳಲು ನನಗೆ ಇನ್ನೊಂದು ವರ್ಷವೇ ಬೇಕಾಯಿತು.

ಈಗ ಸ್ಟ್ಯಾಂಡರ್ಡ್ ಬಂದ ದಿನವೇ ಸಣ್ಣ ಟ್ಯೂಬುಗಳಿಗೆ ಹಂಚಿಡುತ್ತೇವೆ, ಬಾಟಲಿಗೆ ಟಿಪ್ ಅದ್ದುವುದಿಲ್ಲ. ಫ್ಯಾಕ್ಟರಿಗೂ ಒಂದು ಚಾರ್ಟ್ ಇದೆ, ಅದು ಹುಡುಗನ ಯೋಚನೆ. ಹೊಸ ಕಿಟ್ ಲಾಟ್ (ಒಂದೇ ಸಲ ತಯಾರಾದ ಸರಕು) ತೆರೆದ ದಿನ, ಪಿಪೆಟ್ ರಿಪೇರಿಯಾದ ದಿನ, ಕರೆಂಟ್ ಹೋಗಿ ಫ್ರಿಜ್ ನಿಂತ ದಿನ ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆಯುತ್ತೇವೆ. ಮುಂದೊಂದು ದಿನ ಚುಕ್ಕಿ ಸರಿದರೆ ಮೊದಲು ಓದುವುದು ಆ ಅಂಚನ್ನು. ಕಂಪ್ಯೂಟರಿನಲ್ಲೇ ಚಾರ್ಟ್ ಮಾಡುವ ಸಾಫ್ಟ್‌ವೇರ್ ಕೂಡ ಬಂದಿದೆ, ಅದರಲ್ಲೂ ತುಂಬುತ್ತೇವೆ. ಆದರೂ ಫ್ರಿಜ್ ಬಾಗಿಲಿನ ಹಾಳೆಯನ್ನು ನಾನು ತೆಗೆಸಿಲ್ಲ. ರೀಏಜೆಂಟಿಗಾಗಿ ದಿನಕ್ಕೆ ಹತ್ತು ಸಲ ಆ ಬಾಗಿಲು ತೆರೆಯುತ್ತೇವೆ, ಹತ್ತು ಸಲವೂ ಚುಕ್ಕಿಗಳು ಕಣ್ಣಿಗೆ ಬೀಳುತ್ತವೆ.

ಈ ವಾರ ಕಂಟ್ರೋಲ್ ಸೀರಂನ ಹೊಸ ಲಾಟ್ ಬಂದಿದೆ. ಹಳೆಯದು ಇನ್ನು ಇಪ್ಪತ್ತಾರು ಟ್ಯೂಬ್ ಉಳಿದಿದೆ. ಎರಡನ್ನೂ ಜೊತೆಜೊತೆಯಾಗಿ ಇಪ್ಪತ್ತು ದಿನ ಓಡಿಸಿ, ಹೊಸದರ ಸರಾಸರಿ ಗೊತ್ತಾದ ಮೇಲೆಯೇ ಹಳೆಯ ಗೆರೆಗಳನ್ನು ಬಿಡಬೇಕು. ಹುಡುಗ ನಿನ್ನೆ ಸಂಜೆ ಹೊಸ ಗ್ರಾಫ್ ಹಾಳೆ ತಂದು, ತಾರೀಖು ಬರೆದು, ಗೆರೆ ಎಳೆಯದೆ ಖಾಲಿ ಬಿಟ್ಟಿದ್ದಾನೆ.